ದಾರುವಿನ ದೋಷ

ಜೀರ್ಣೋದ್ಧಾರಕ್ಕೆ ತೊಡಗಿದ ದೇವಸ್ಥಾನದಲ್ಲಿ ಹಳೆಯ ಮುಚ್ಚಿಗೆಯನ್ನು ಕೆಳಗಿಳಿಸುವ ದಿನ ಊರವರಿಗೆ ಒಂದು ಹೊಸ ನೋಟ ದೊರೆಯುತ್ತದೆ. ಅಜ್ಜ ಮುತ್ತಜ್ಜಂದಿರ ಕಾಲದಿಂದ ಜನರು ಕತ್ತೆತ್ತಿ ಕಾಣುತ್ತ ಬಂದುದು ಆ ಹಲಗೆಗಳ ಮುಖವನ್ನು ಮಾತ್ರ. ಮಂಟಪದ ನಡುವೆ ನಿಂತು ಮೇಲಕ್ಕೆ ನೋಡಿದರೆ ಕಮಲ, ಕಮಲದ ಸುತ್ತ ದಿಕ್ಪಾಲಕರು, ಅವರವರ ವಾಹನಗಳು, ಬಳ್ಳಿ, ಹೂವು, ಗಿಳಿ. ಕುಂಬಳೆಯ ಸಮೀಪದ ಅನಂತಪುರದ ಸರೋವರ ದೇವಾಲಯದ ಮಂಟಪದಲ್ಲಿ ದಶಾವತಾರದ ಕಥೆಗಳನ್ನು ಹೀಗೆ ಮರದಲ್ಲಿ ಕೊರೆದಿರುವರು; ಮಧೂರಿನಲ್ಲಿ ರಾಮಾಯಣದ ಪ್ರಸಂಗಗಳನ್ನು ಕೊರೆದಿರುವರು. ಇಂತಹ ಹಲಗೆಯನ್ನು ಕೆಳಗಿಳಿಸಿ ಅಂಗಳದಲ್ಲಿ ಬೋರಲಾಗಿ ಮಲಗಿಸಿದಾಗ, ಯಾರೂ ಎಂದೂ ಕಾಣದಿದ್ದ ಅದರ ಬೆನ್ನು ಮೊದಲ ಬಾರಿಗೆ ಬಿಸಿಲು ಕಾಣುತ್ತದೆ.

ಆ ಬೆನ್ನಿನ ಮೇಲೆ ದೀಪದ ಮಸಿ, ಬಾವಲಿಯ ಹಿಕ್ಕೆ, ಒರಲೆ ಕಟ್ಟಿದ ಮಣ್ಣಿನ ದಾರಿ ಇರುವುದು ಸಹಜ. ಅವನ್ನೆಲ್ಲ ಒರೆಸಿ ನೋಡಿದರೆ ಮಾಡಿದವನ ಕೈ ಕಾಣಿಸುತ್ತದೆ. ಒಂದು ಹಲಗೆಯ ಬೆನ್ನನ್ನು ಮುಖದಷ್ಟೇ ನಯವಾಗಿ ಕೀಸಿರುತ್ತಾರೆ. ಪಕ್ಕದ ಹಲಗೆಯಲ್ಲಿ ಗಂಟು ಉದುರಿ ಬಿದ್ದ ತೂತಿಗೆ ಅರಗನ್ನೂ ಮರದ ಹುಡಿಯನ್ನೂ ಕಲಸಿ ತುಂಬಿ, ಮುಖದ ಕಡೆಗೆ ಬಣ್ಣ ಬಳಿದು ಮರೆಸಿರುತ್ತಾರೆ. ಇಬ್ಬರು ಕೆಲಸಗಾರರ ಹೆಸರೂ ಯಾವ ಶಾಸನದಲ್ಲಿಯೂ ಇಲ್ಲ, ಯಾವ ಕಡತದಲ್ಲಿಯೂ ಇಲ್ಲ. ಎರಡು ಹಲಗೆಗಳೂ ಅಷ್ಟೂ ಕಾಲ ಒಂದೇ ಧೂಪದ ಹೊಗೆಯನ್ನು ಕುಡಿದಿವೆ, ಒಂದೇ ಶಂಖದ ಧ್ವನಿಯನ್ನು ಕೇಳಿವೆ. ಅವುಗಳ ಕೆಳಗೆ ನಿಂತು ಬೇಡಿಕೊಂಡವರಲ್ಲಿ ನಯವಾದ ಹಲಗೆಯ ಕೆಳಗಿನವನಿಗೆ ಹೆಚ್ಚು ಫಲ, ಅರಗಿನ ಹಲಗೆಯ ಕೆಳಗಿನವನಿಗೆ ಕಡಿಮೆ ಫಲ ಎಂದು ಯಾರೂ ಹೇಳಲಾರರು.

ಹಾಗಾದರೆ ಆ ಅರಗಿನ ತೇಪೆ ದೋಷವೇ? ದೋಷವಾದರೆ ಯಾರ ದೋಷ? ಭಗವಂತನು ಭಾವಗ್ರಾಹಿ, ಕೊಟ್ಟ ವಸ್ತುವನ್ನಲ್ಲ, ಕೊಟ್ಟ ಮನಸ್ಸನ್ನು ನೋಡುತ್ತಾನೆ ಎಂದು ಹಿರಿಯರು ಹೇಳುತ್ತಾರೆ. ಈ ಮಾತನ್ನು ಮುಂದಿಟ್ಟುಕೊಂಡು, ಮರದಲ್ಲಿ ಗಂಟಿದ್ದರೇನು, ಬಿರುಕಿದ್ದರೇನು, ಭಕ್ತಿಯಿಂದ ಮಾಡಿದರೆ ಸಾಕು ಎನ್ನುವವರು ಪ್ರತಿ ಊರಿನಲ್ಲಿಯೂ ಸಿಗುತ್ತಾರೆ. ಆ ಮಾತು ಕೇಳುವುದಕ್ಕೆ ಹಿತವಾಗಿಯೂ ಇದೆ. ಆದರೆ ಕೆಲಸದ ಕೊಟ್ಟಿಗೆಯಲ್ಲಿ ಉಳಿ ಹಿಡಿದು ಕುಳಿತವನು ಅದನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಲಾರ.

ಅದೇಕೆಂದು ತಿಳಿಯಬೇಕಾದರೆ ಮರವೆಂಬ ವಸ್ತುವಿನ ಸ್ವಭಾವವನ್ನು ಸ್ವಲ್ಪ ನೋಡಬೇಕು. ಕಲ್ಲು ಭೂಮಿಯ ಒಡಲಲ್ಲಿ ಸುಮ್ಮನಿದ್ದು ಬಂದುದು. ಮರವಾದರೋ ಬದುಕಿ ಬಂದುದು. ಕೊಂಬೆ ಹುಟ್ಟಿದಲ್ಲಿ ಗಂಟು ಉಂಟು. ಎಳೆಯದರಲ್ಲಿ ಗಾಯವಾದ ಜಾಗವನ್ನು ಮರವು ತನ್ನ ತೊಗಟೆಯಿಂದಲೇ ಮುಚ್ಚಿಕೊಂಡು ಹೊರಗಿನಿಂದ ನೆಟ್ಟಗೆ ಕಾಣಿಸುತ್ತ, ಒಳಗೆ ಪೊಟರೆಯನ್ನು ಸಾಕುವುದುಂಟು. ಹೊರಗಿನ ಬಿಳಿಯ ಭಾಗವು ಹುಳುವಿಗೂ ಒರಲೆಗೂ ಬೇಗ ತುತ್ತಾಗುತ್ತದೆ. ಒಳಗಿನ ತಿರುಳು ಮಾತ್ರ ಬಾಳಿಕೆ ಬರುತ್ತದೆ. ಕಡಿದು ಮಲಗಿಸಿದ ಮೇಲೂ ಅದರ ಚಲನೆ ನಿಲ್ಲುವುದಿಲ್ಲ. ನೀರು ಆರುತ್ತ ಬಂದಂತೆ ಮರವು ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಆ ಅಡ್ಡದಲ್ಲಿಯೂ ಎರಡು ಬಗೆಯಿದೆ. ವರ್ಷವರ್ಷದ ಬಳೆಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಈ ಎರಡು ಎಳೆತಗಳ ನಡುವೆ ಸಿಕ್ಕಿದ ದಿಮ್ಮಿಯು ಸೀಳುತ್ತದೆ. ಗುಂಡಾದ ಮರದಲ್ಲಿ ತೊಗಟೆಯಿಂದ ನಡುವಿನ ತನಕ ಬಿರುಕು ಓಡುವುದು ಇದೇ ಕಾರಣದಿಂದ. ಆಟಿ ತಿಂಗಳ ಮಳೆಯಲ್ಲಿ ಬಾಗಿಲು ಬಿಗಿಯಾಗಿ, ಬೇಸಗೆಯಲ್ಲಿ ಸಡಿಲವಾಗುವುದನ್ನು ಕಂಡ ಪ್ರತಿಯೊಬ್ಬ ಗೃಹಸ್ಥನೂ ಈ ವಿಷಯವನ್ನು ತಿಳಿದೇ ಇದ್ದಾನೆ, ಹೆಸರಿಟ್ಟು ಹೇಳದಿರಬಹುದು ಅಷ್ಟೆ.

ಆದುದರಿಂದ ಬಡಗಿಯ ವಿದ್ಯೆಯಲ್ಲಿ ಅರ್ಧದಷ್ಟು ಕೆತ್ತುವ ವಿದ್ಯೆಯಲ್ಲ, ಪರೀಕ್ಷಿಸುವ ಮತ್ತು ಕಾಯುವ ವಿದ್ಯೆ. ದಿಮ್ಮಿಯನ್ನು ನೆರಳಿನಲ್ಲಿಟ್ಟು, ತುದಿಗಳು ಬೇಗ ಒಣಗಿ ಒಡೆಯದಂತೆ ಅವಕ್ಕೆ ಸೆಗಣಿಯನ್ನೋ ಬಣ್ಣವನ್ನೋ ಮೆತ್ತಿ, ಹಲಗೆ ಹಲಗೆಯ ನಡುವೆ ರೀಪು ಕೊಟ್ಟು ಗಾಳಿಯಾಡಿಸಿ, ಇಂಚು ದಪ್ಪಕ್ಕೆ ಒಂದು ವರ್ಷವೆಂಬ ಲೆಕ್ಕದಲ್ಲಿ ಕಾಯಬೇಕು. ಬಳಿಕ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಬೇಕು. ಗಟ್ಟಿಯಾದ ಮರ ಗಂಟೆಯಂತೆ ಉತ್ತರ ಕೊಡುತ್ತದೆ. ಒಳಗೆ ಪೊಳ್ಳಾದುದು ಸೋರೆಬುರುಡೆಯಂತೆ ನುಡಿಯುತ್ತದೆ. ಹಲಸಿನ ಮರವನ್ನು ಈ ಸೀಮೆಯ ದೇವಸ್ಥಾನಗಳಲ್ಲಿ ಇಷ್ಟೊಂದು ಬಳಸುತ್ತ ಬಂದುದಕ್ಕೆ ಅದರ ಪಾವಿತ್ರ್ಯದ ಜೊತೆಗೆ ಇನ್ನೊಂದು ಕಾರಣವೂ ಇದೆ: ಅದರ ಹಳದಿ ತಿರುಳು ಉಳಿಗೆ ಮಣಿಯುತ್ತದೆ, ಒರಲೆಗೆ ಬೇಗನೆ ಮಣಿಯುವುದಿಲ್ಲ.

ಪೂರ್ವಿಕರು ಈ ಪರೀಕ್ಷೆಯನ್ನು ಕೇವಲ ವ್ಯವಹಾರದ ಮಾತಾಗಿ ಎಣಿಸಲಿಲ್ಲ. ೬ನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯಲ್ಲಿ ಪ್ರತಿಮೆಗಾಗಿ ಮರವನ್ನು ತರಲು ಕಾಡನ್ನು ಪ್ರವೇಶಿಸುವ ವಿಧಿಗೆ ಒಂದು ಅಧ್ಯಾಯವನ್ನೇ ಮೀಸಲಾಗಿಟ್ಟಿರುವನು. ಸ್ಮಶಾನದ ಮರ ಬೇಡ, ದಾರಿಯ ಮರ ಬೇಡ, ಹುತ್ತದ ಮೇಲಿನದು ಬೇಡ, ಆಶ್ರಮದ್ದು ಬೇಡ, ಸಿಡಿಲು ಬಡಿದುದು ಬೇಡ, ಆನೆ ಮುರಿದುದು ಬೇಡ. ಆರಿಸಿದ ಮರವನ್ನು ಹಿಂದಿನ ರಾತ್ರಿ ಪೂಜಿಸಿ, ಅದರಲ್ಲಿ ವಾಸವಾಗಿರುವ ಭೂತಗಳಿಗೆ ಬಲಿಯನ್ನಿತ್ತು, ಬೇರೆ ಕಡೆ ವಾಸ ಮಾಡಿಕೊಳ್ಳಿರೆಂದು ವಿನಯದಿಂದ ಕೇಳಿಕೊಳ್ಳಬೇಕು. ಮರುದಿನ ಜೇನು ತುಪ್ಪಗಳನ್ನು ಸವರಿದ ಕೊಡಲಿಯಿಂದ ಕಡಿಯಬೇಕು. ಕಡಿಯುವ ಮೊದಲು ಮರದ ಮೇಲೆ ದಿಕ್ಕುಗಳನ್ನು ಗುರುತು ಮಾಡಿಕೊಳ್ಳಬೇಕು. ಏಕೆಂದರೆ ಮರವು ಕಾಡಿನಲ್ಲಿ ಯಾವ ಮುಖ ಯಾವ ದಿಕ್ಕಿಗಾಗಿ ನಿಂತಿತ್ತೋ ಪ್ರತಿಮೆಯನ್ನೂ ಹಾಗೆಯೇ ನಿಲ್ಲಿಸಬೇಕು. ಅದೇ ಗ್ರಂಥದ ವಾಸ್ತುವಿದ್ಯೆಯ ಭಾಗದಲ್ಲಿ ಕಡಿದ ಮರದ ಮುಖದಲ್ಲಿ ಕಾಣುವ ಬಣ್ಣದ ಮಂಡಲಗಳಿಂದ ಒಳಗೇನಿದೆಯೆಂದು ತಿಳಿಯುವ ಲಕ್ಷಣಗಳನ್ನೂ ಹೇಳಿದೆ. ಹಳದಿಯ ಮಂಡಲವಾದರೆ ಉಡ, ನೀಲಿಯಾದರೆ ಸರ್ಪ, ಮಂಜಿಷ್ಠದ ಬಣ್ಣವಾದರೆ ಕಪ್ಪೆ. ಇದು ಇಂದಿನ ಮರದ ಶಾಸ್ತ್ರಕ್ಕೆ ಹೊಂದುವುದೋ ಇಲ್ಲವೋ ಎಂಬ ಚರ್ಚೆ ಇಲ್ಲಿ ಬೇಡ. ಕಪ್ಪೆಯ ಮಾತು ಮುಂದೆ ಮತ್ತೆ ಬರಲಿದೆ.

ಈಗ ಭಾವದ ಪ್ರಶ್ನೆಗೆ ಮರಳಬಹುದು. ಭಗವಂತನು ಭಾವವನ್ನು ಮಾತ್ರ ನೋಡುವನೆಂಬುದಕ್ಕೆ ಎಲ್ಲರೂ ಕೊಡುವ ನಿದರ್ಶನ ಬೇಡರ ಕಣ್ಣಪ್ಪನದು, ಇಲ್ಲವೇ ಶಬರಿಯದು. ಶಾಸ್ತ್ರವರಿಯದ ಬೇಡನು ಕಾಳಹಸ್ತಿಯ ಶಿವನಿಗೆ ಮಾಂಸವನ್ನರ್ಪಿಸಿದನು, ಶಿವನು ಸ್ವೀಕರಿಸಿದನು. ಮುದುಕಿ ಶಬರಿಯು ಎಂಜಲು ಹಣ್ಣನ್ನು ಕೊಟ್ಟಳು, ರಾಮನು ತಿಂದನು. ಆದರೆ ಕಥೆಯನ್ನು ನಿಧಾನಿಸಿ ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಕಣ್ಣಪ್ಪನು ಮಾಂಸವನ್ನು ಬೇಯಿಸಿ ತುಂಡುತುಂಡಾಗಿ ತನ್ನ ನಾಲಗೆಯ ಮೇಲಿಟ್ಟು, ರುಚಿಯಾದುದನ್ನು ಬೇರೆ, ರುಚಿಯಿಲ್ಲದುದನ್ನು ಬೇರೆ ಮಾಡಿದನು. ಶಬರಿಯು ಹಣ್ಣನ್ನು ಕಚ್ಚಿ ನೋಡಿದಳೆಂಬ ಮಾತು ವಾಲ್ಮೀಕಿಯಲ್ಲಿ ಇಲ್ಲ; ಜನರ ಭಕ್ತಿಯೇ ಅದನ್ನು ಕಥೆಗೆ ಸೇರಿಸಿಕೊಂಡಿತು. ಸೇರಿಸಿಕೊಂಡುದು ಏನನ್ನು? ಪರೀಕ್ಷೆಯನ್ನು! ಹುಳಿಯಾದ ಹಣ್ಣು ಸ್ವಾಮಿಯ ಬಾಯಿಗೆ ಹೋಗಬಾರದೆಂದು ಆಕೆ ಒಂದೊಂದನ್ನೂ ಪರೀಕ್ಷಿಸಿದಳು. ಆಚಾರದಲ್ಲಿ ಅವರು ತಪ್ಪಿರಬಹುದು; ವಸ್ತುವಿನಲ್ಲಿ ತಪ್ಪಲಿಲ್ಲ. ಅವರ ಭಾವವು ಕಂಡುದೇ ಆ ಪರೀಕ್ಷೆಯ ರೂಪದಲ್ಲಿ. ಸಿಕ್ಕಿದ ಹಣ್ಣನ್ನು ನೋಡದೆ ಬುಟ್ಟಿಗೆ ತುಂಬಿ, ಭಾವ ಮುಖ್ಯ ಎಂದು ಶಬರಿ ಹೇಳಲಿಲ್ಲ. ಬಡಗಿಯು ಗೆಣ್ಣಿನಿಂದ ಮರವನ್ನು ತಟ್ಟಿ ನೋಡುವುದೂ ಶಬರಿಯು ಹಣ್ಣನ್ನು ಕಚ್ಚಿ ನೋಡಿದುದೂ ಒಂದೇ ಜಾತಿಯ ಕೆಲಸ. ಭಾವದ ಮಾತನ್ನು ಆಲಸ್ಯಕ್ಕೆ ಹೊದಿಕೆಯಾಗಿ ಬಳಸುವವರು ಈ ಇಬ್ಬರು ಭಕ್ತರ ಹೆಸರನ್ನು ಎತ್ತದಿರುವುದೇ ಒಳಿತು.

ಆದರೆ ಎಷ್ಟು ಪರೀಕ್ಷಿಸಿದರೂ ದೋಷವು ತಪ್ಪಿಸಿಕೊಳ್ಳುವುದುಂಟು. ಕೆತ್ತಿ ಮುಗಿಯುತ್ತ ಬಂದ ಹಲಗೆಯಲ್ಲಿ, ದೇವತೆಯ ಕೆನ್ನೆಯ ಮೇಲೆಯೇ, ಕೊನೆಯ ಉಳಿಯೇಟಿಗೆ ಕಪ್ಪು ಗಂಟು ಎದ್ದು ಬರುತ್ತದೆ. ಆಗ ಏನು ಮಾಡಬೇಕು? ಅದಕ್ಕಿಂತಲೂ ಕಷ್ಟವಾದುದು ಇನ್ನೊಂದು: ಆ ದೋಷವನ್ನು ಮಾಡಿದವನು ಕಾಣದೆ, ಪಕ್ಕದಲ್ಲಿ ಕುಳಿತ ಕಿರಿಯನು ಕಂಡರೆ?

ಈ ಪ್ರಶ್ನೆಗೆ ಎರಡು ಭಾಷೆಗಳಲ್ಲಿ ಎರಡು ಕಥೆಗಳಿವೆ. ೧೯೫೬ರ ನವೆಂಬರ್ ೧ರಿಂದ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರಂತೆ ಎರಡು ಭಾಷೆಗಳನ್ನೂ ಮನೆಯಂಗಳದಲ್ಲಿಯೇ ಕೇಳಿ ಬೆಳೆದವರಿಗೆ ಎರಡು ಕಥೆಗಳೂ ಪರಿಚಿತವೇ. ಅವೆರಡನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಭಾಗ್ಯವು ಒಂದೇ ಭಾಷೆಯವರಿಗೆ ಸುಲಭವಾಗಿ ದೊರೆಯಲಾರದು.

ಮಲಯಾಳದ ಕಥೆ ಪೆರುಂತಚ್ಚನದು. ಹೆಸರಿಗೆ ಹಿರಿಯ ಬಡಗಿ ಎಂದೇ ಅರ್ಥ. ವರರುಚಿಯ ಹನ್ನೆರಡು ಮಂದಿ ಮಕ್ಕಳಲ್ಲಿ ಒಬ್ಬನೆಂದೂ, ಆಲುವೆಯ ಬಳಿಯ ಉಳಿಯನ್ನೂರಿನವನೆಂದೂ ಐತಿಹ್ಯ. ಕೊಟ್ಟಾರತ್ತಿಲ್ ಶಂಕುಣ್ಣಿಯವರು ‘ಐತಿಹ್ಯಮಾಲೆ’ಯಲ್ಲಿ ಈ ಕಥೆಯನ್ನು ಬರೆದಿಟ್ಟಿರುವರು. ಪೆರುಂತಚ್ಚನು ಹೊಳೆಯ ಸೇತುವೆಯಲ್ಲಿ ಒಂದು ಮರದ ಬೊಂಬೆಯನ್ನು ಇಟ್ಟನಂತೆ. ಮನುಷ್ಯನು ಸೇತುವೆಯ ಮೇಲೆ ಕಾಲಿಟ್ಟೊಡನೆ ಬೊಂಬೆಯು ನೀರಿಗೆ ಮುಳುಗಿ, ಬಾಯ್ತುಂಬ ನೀರು ತಂದು, ನಡುವಿಗೆ ಬಂದವನ ಮುಖಕ್ಕೆ ಉಗುಳುತ್ತಿತ್ತು. ಊರಿನವರು ನಕ್ಕರು, ಮೆಚ್ಚಿದರು. ಕೆಲವು ದಿನಗಳಲ್ಲಿ ಮಗನು ಇನ್ನೊಂದು ಬೊಂಬೆಯನ್ನು ಮಾಡಿ ಇದಿರಿಗೆ ನಿಲ್ಲಿಸಿದನು. ತಂದೆಯ ಬೊಂಬೆ ಉಗುಳಬೇಕೆನ್ನುವಷ್ಟರಲ್ಲಿ ಮಗನ ಬೊಂಬೆಯು ಕೈಯೆತ್ತಿ ಅದರ ಕೆನ್ನೆಗೆ ಬಾರಿಸುತ್ತಿತ್ತು. ಮುಖ ತಿರುಗಿ ನೀರು ಬೇರೆಡೆಗೆ ಬೀಳುತ್ತಿತ್ತು. ಈಗ ಊರಿನವರು ಇನ್ನೂ ಗಟ್ಟಿಯಾಗಿ ನಕ್ಕರು. ಆ ನಗೆಯನ್ನು ತಂದೆಯು ಮರೆಯಲಿಲ್ಲ. ಮುಂದೆ ಒಂದು ಕಟ್ಟಡದ ಕೆಲಸದಲ್ಲಿ ತಂದೆ ಮೇಲೆಯೂ ಮಗ ಕೆಳಗೂ ಇದ್ದಾಗ, ಮೇಲಿನಿಂದ ಅಗಲವಾದ ಉಳಿಯೊಂದು ಜಾರಿ ಬಿದ್ದು ಮಗನು ಸತ್ತನು. ಕೈತಪ್ಪಿ ಬಿತ್ತೋ, ಕೈಬಿಟ್ಟನೋ? ಜಿ. ಶಂಕರ ಕುರುಪ್ಪರು ಆ ವೃದ್ಧನ ಬಾಯಿಯಿಂದಲೇ ಅವನ ಸಂಕಟವನ್ನು ಹೇಳಿಸಿ ಕವಿತೆಯೊಂದನ್ನು ಬರೆದರು. ಪ್ರಶ್ನೆಯಾದರೋ ಇಂದಿಗೂ ಜಗಲಿಗಳಲ್ಲಿ ತೀರಿಲ್ಲ. ಬಹುಶಃ ಆ ಕ್ಷಣದಲ್ಲಿ ಪೆರುಂತಚ್ಚನಿಗೂ ತಿಳಿದಿರಲಿಲ್ಲ.

ಕನ್ನಡದ ಕಥೆ ಜಕಣಾಚಾರಿಯದು. ಇದು ಮರದ್ದಲ್ಲ, ಕಲ್ಲಿನದು. ಆದರೂ ವಿಶ್ವಕರ್ಮನ ಮಕ್ಕಳಲ್ಲಿ ಮರದವರು ಕಲ್ಲಿನವರು ಒಂದೇ ಮನೆಯವರೆಂದೇ ಎಣಿಕೆ. ತುಮಕೂರಿನ ಬಳಿಯ ಕೈದಾಳದ ಶಿಲ್ಪಿಯು ಮನೆ ಬಿಟ್ಟು ಹೋಗಿ ಬೇಲೂರಿನಲ್ಲಿ ಚೆನ್ನಿಗರಾಯನ ಮೂರ್ತಿಯನ್ನು ಕಡೆದು ನಿಲ್ಲಿಸಿದನು. ಅಪರಿಚಿತನಾದ ಒಬ್ಬ ತರುಣನು ಬಂದು ಈ ಶಿಲೆಯಲ್ಲಿ ದೋಷವಿದೆ ಎಂದನು. ದೋಷವನ್ನು ತೋರಿಸಿದರೆ ತನ್ನ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಜಕಣನು ಪಣ ತೊಟ್ಟನು. ಮೂರ್ತಿಗೆ ಗಂಧವನ್ನು ಲೇಪಿಸಿದರು. ಮೈಯೆಲ್ಲ ಆರಿತು, ಹೊಕ್ಕುಳ ಬಳಿ ಮಾತ್ರ ಆರಲಿಲ್ಲ. ಅಲ್ಲಿ ಉಳಿಯಿಟ್ಟಾಗ ನೀರೂ ಮರಳೂ ಒಂದು ಕಪ್ಪೆಯೂ ಹೊರಬಂದವು. ಜಕಣನು ಮಾತಿಗೆ ತಪ್ಪದೆ ಕೈಯನ್ನು ಕಡಿದುಕೊಂಡನು. ಆ ತರುಣನು ತನ್ನ ಮಗ ಡಂಕಣನೇ ಎಂದು ಆಮೇಲೆ ತಿಳಿಯಿತು. ತಂದೆಮಕ್ಕಳು ಸೇರಿ ಕೈದಾಳದಲ್ಲಿ ದೇವಾಲಯವನ್ನು ಕಟ್ಟಿದಾಗ ಕಳೆದುಹೋದ ಕೈ ಮರಳಿ ಬಂದಿತೆಂದು ಜನ ಹೇಳುತ್ತಾರೆ. ಇದು ಐತಿಹ್ಯ. ೧೧೧೭ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ದೇವಾಲಯದ ಶಿಲ್ಪಗಳ ಕೆಳಗೆ ದಾಸೋಜ, ಚಾವಣ ಮೊದಲಾದವರ ಹೆಸರುಗಳು ಕೊರೆದಿವೆ. ಜಕಣನ ಹೆಸರು ಸಿಗುವುದಿಲ್ಲ. ಆದರೆ ಹೆಸರಿಲ್ಲದ ಮಾತ್ರಕ್ಕೆ ಕಥೆಯು ಕೇಳಿದ ಪ್ರಶ್ನೆ ಸುಳ್ಳಾಗುವುದಿಲ್ಲವಷ್ಟೆ.

ಒಬ್ಬ ತಂದೆ ದೋಷವನ್ನು ಕಂಡ ಕಣ್ಣನ್ನು ಮುಚ್ಚಿದನು. ಇನ್ನೊಬ್ಬ ತಂದೆ ದೋಷವನ್ನು ಕಾಣದೆ ಹೋದ ತನ್ನ ಕೈಯನ್ನು ದಂಡಿಸಿದನು. ಕನ್ನಡಿಗರಿಗೆ ಜಕಣನ ಮೇಲೆ ಅಭಿಮಾನ ಹೆಚ್ಚು. ಅವನು ಸತ್ಯಕ್ಕೆ ಬೆಲೆ ತೆತ್ತನೆಂದು ಕೊಂಡಾಡುವರು. ಅದು ನಿಜವೇ. ತನ್ನದೆಂಬ ಅಭಿಮಾನವನ್ನು ಉಳಿಸಿಕೊಳ್ಳಲು ಪರರ ಕುತ್ತಿಗೆಗೆ ಉಳಿಯನ್ನು ಬಿಡುವುದಕ್ಕಿಂತ ತನ್ನ ಕೈಯನ್ನು ಕಳೆದುಕೊಳ್ಳುವುದು ಎಷ್ಟೋ ಮೇಲು. ಆದರೂ ವಿಚಾರ ಮಾಡಿದರೆ, ಆ ಕೈ ಮಾಡಿದ ತಪ್ಪಾದರೂ ಏನು? ಕಲ್ಲಿನ ಒಡಲಲ್ಲಿ ಕಪ್ಪೆ ಹುಟ್ಟಿ ಬೆಳೆದುದು ಶಿಲ್ಪಿಯ ಪಾಪವಲ್ಲ. ಪಾಪವಿದ್ದುದು ಪಣದಲ್ಲಿ. ತನ್ನಿಂದ ದೋಷವೇ ಆಗದು ಎಂಬ ನಂಬಿಕೆಗೆ ಕೈಯನ್ನು ಒತ್ತೆಯಿಟ್ಟುದರಲ್ಲಿ. ಆ ನಂಬಿಕೆಯೇ ಪೆರುಂತಚ್ಚನಲ್ಲಿಯೂ ಇತ್ತು. ಅಲ್ಲಿ ಅದು ಹೊರಕ್ಕೆ ಹೊಡೆಯಿತು, ಇಲ್ಲಿ ಒಳಕ್ಕೆ ಹೊಡೆಯಿತು. ಕೆಲಸದ ಕೊಟ್ಟಿಗೆಗೆ ಬೇಕಾದುದು ಕಡಿದ ಕೈಯೂ ಅಲ್ಲ, ಕಡಿದ ಕೊರಳೂ ಅಲ್ಲ. ಎಲ್ಲಿ, ತೋರಿಸು, ಎಂದು ಬಗ್ಗಿ ನೋಡುವ ಒಂದು ಮಾತು ಸಾಕು. ಅಷ್ಟು ಸಣ್ಣ ಮಾತು ಅಷ್ಟು ದೊಡ್ಡ ಶಿಲ್ಪಿಗಳ ಬಾಯಿಯಿಂದ ಹೊರಡಲಿಲ್ಲ.

ಜಕಣನ ಕಥೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಇನ್ನೊಂದು ಅಂಶವಿದೆ. ದೋಷವು ಬಯಲಾದ ಆ ಮೂರ್ತಿಯನ್ನು ಬೇಲೂರಿನವರು ಎಸೆಯಲಿಲ್ಲ. ಶಾಂತಲಾದೇವಿಯು ಕಟ್ಟಿಸಿದ ಗುಡಿಯಲ್ಲಿ ಅದು ಇಂದಿಗೂ ನಿಂತಿದೆ. ಅದರ ಹೆಸರೇ ಕಪ್ಪೆ ಚೆನ್ನಿಗರಾಯ. ದೇವರು ತನ್ನ ದೋಷವನ್ನು ತನ್ನ ಹೆಸರಿನಲ್ಲಿಯೇ ಹೊತ್ತುಕೊಂಡಿರುವನು. ಬಂದವರೆಲ್ಲ ಆ ಹೆಸರಿನ ಕಾರಣವನ್ನು ಕೇಳುತ್ತಾರೆ, ಊರವರು ಹೇಳುತ್ತಾರೆ, ಮುಚ್ಚುಮರೆಯಿಲ್ಲ.

ಅರಗಿನ ತೇಪೆಗೂ ಕಪ್ಪೆ ಚೆನ್ನಿಗರಾಯನಿಗೂ ಇರುವ ಭೇದ ಇದೇ. ದಾರುವಿನಲ್ಲಿಯೂ ಶಿಲೆಯಲ್ಲಿಯೂ ಕುಂದು ಇರುವುದು ಪ್ರಕೃತಿ. ಅದನ್ನು ಮರೆಸಿ ಕೊಡುವಲ್ಲಿ ಮಾತ್ರ ದೋಷವೆಂಬುದು ಹುಟ್ಟುತ್ತದೆ. ಒಳ್ಳೆಯ ಕೆಲಸಗಾರರು ಬಿರುಕನ್ನು ತಡೆಯಬೇಕಾದಾಗ ಡಮರುಗದ ಆಕಾರದ ಗಟ್ಟಿ ಮರದ ತುಂಡೊಂದನ್ನು ಬಿರುಕಿಗೆ ಅಡ್ಡವಾಗಿ ಕೂರಿಸಿ ಹಿಡಿದು ನಿಲ್ಲಿಸುತ್ತಾರೆ. ಅದು ಕಣ್ಣಿಗೆ ಕಾಣುತ್ತದೆ, ಬಣ್ಣವೂ ಬೇರೆಯಾಗಿರುತ್ತದೆ; ಇಲ್ಲಿ ಸೀಳಿತ್ತು, ಇಲ್ಲಿ ಕಟ್ಟಿದ್ದೇವೆ ಎಂದು ಅದು ನುಡಿಯುತ್ತದೆ. ಮುಂದೆ ದುರಸ್ತಿಗೆ ಬರುವವನಿಗೆ ಅದೊಂದು ಸಂದೇಶ. ಅರಗು ಮತ್ತು ಹುಡಿಯ ತೇಪೆಯು ಆ ಮುಂದಿನವನನ್ನೂ ಮೋಸಗೊಳಿಸುತ್ತದೆ. ಮುಚ್ಚಿಗೆಯ ಹಲಗೆಯಲ್ಲಾದರೆ ಆಗುವ ನಷ್ಟ ಅಂದಕ್ಕೆ ಮಾತ್ರ. ಅದೇ ತೇಪೆಯನ್ನು ತೊಲೆಯಲ್ಲಿಯೋ ಪಕ್ಕಾಸಿನಲ್ಲಿಯೋ ಮಾಡಿದರೆ, ಜಾತ್ರೆಯ ದಿನ ಅದರ ಕೆಳಗೆ ಕೂಸುಗಳನ್ನೆತ್ತಿಕೊಂಡ ತಾಯಂದಿರು ನಿಂತಿರುತ್ತಾರೆ. ದೇವರು ಭಾವಗ್ರಾಹಿಯಾಗಿರಬಹುದು, ತೊಲೆಯು ಭಾರವನ್ನು ಮಾತ್ರ ಬಲ್ಲದು.

ಪುರಿಯ ಜಗನ್ನಾಥನ ವಿಷಯವನ್ನೂ ಇಲ್ಲಿ ನೆನೆಯಬೇಕು. ಮರದ ದೇವರಲ್ಲಿ ಆತನಿಗೆ ಸಮನಾದ ಪ್ರಸಿದ್ಧಿ ಇನ್ನೊಬ್ಬನಿಗಿಲ್ಲ. ಇಂದ್ರದ್ಯುಮ್ನ ರಾಜನಿಗೆ ವೃದ್ಧ ಬಡಗಿಯೊಬ್ಬನು ಬಂದು, ೨೧ ದಿನ ಬಾಗಿಲನ್ನು ತೆರೆಯಬಾರದೆಂದು ಮಾತು ತೆಗೆದುಕೊಂಡು ಒಳಗೆ ಸೇರಿದನಂತೆ. ಕೆಲವು ದಿನಗಳಲ್ಲಿ ಉಳಿಯ ಸದ್ದು ನಿಂತಿತು. ಮುದುಕನು ಸತ್ತನೋ ಏನೋ ಎಂದು ರಾಣಿಯು ಕಳವಳಗೊಂಡಳು. ರಾಜನು ಅವಧಿಗೆ ಮೊದಲೇ ಬಾಗಿಲು ತೆರೆಸಿದನು. ಒಳಗೆ ಬಡಗಿಯಿಲ್ಲ, ಕೈಕಾಲು ಪೂರ್ತಿಯಾಗದ ಮೂರ್ತಿಗಳು ಮಾತ್ರ ಇದ್ದವು. ಅವೇ ಪೂಜೆಗೊಂಡವು. ಅಧಿಕ ಆಷಾಢ ಬರುವ ಕೆಲವು ವರ್ಷಗಳಲ್ಲಿ, ಇತ್ತೀಚೆಗೆ ೧೯೯೬ರಲ್ಲಿಯೂ ೨೦೧೫ರಲ್ಲಿಯೂ ನಡೆದಂತೆ, ಹೊಸ ಬೇವಿನ ಮರಗಳನ್ನು ತಂದು ನವಕಲೇವರವನ್ನು ಮಾಡುತ್ತಾರೆ. ಹಳೆಯ ಮೂರ್ತಿಗಳನ್ನು ಮಣ್ಣಿನಲ್ಲಿ ಹೂಳಿ, ದೈತಾಪತಿಗಳು ಮನೆಯ ಹಿರಿಯರು ತೀರಿದಂತೆ ಸೂತಕವನ್ನು ಆಚರಿಸುತ್ತಾರೆ. ಹೊಸ ಮೂರ್ತಿಗಳಿಗಾದರೂ ಕೈಕಾಲುಗಳನ್ನು ಪೂರ್ತಿಮಾಡೋಣವೆಂದು ಯಾರೂ ಹೊರಡಲಿಲ್ಲ. ರಾಜನ ಆತುರವು ಹೀಗೆ ಎಲ್ಲರ ಕಣ್ಣೆದುರಿಗೆ ಉಳಿದುಬಂದಿದೆ.

ಈ ಕಥೆಯಲ್ಲಿ ತಪ್ಪಿದವನು ಬಡಗಿಯಲ್ಲ, ಮಾಡಿಸಿದವನು. ಜೀರ್ಣೋದ್ಧಾರ ಸಮಿತಿಗಳಿಗೆ ಇದು ಸ್ವಲ್ಪ ಕಹಿಯಾದೀತು. ಬ್ರಹ್ಮಕಲಶದ ಮುಹೂರ್ತವನ್ನು ಮೊದಲು ನಿಶ್ಚಯಿಸಿ, ಆಮಂತ್ರಣ ಪತ್ರವನ್ನು ಅಚ್ಚಿಗೆ ಕಳಿಸಿ, ಆ ಬಳಿಕ ಮರವನ್ನು ಕಡಿಸುವ ಪದ್ಧತಿಯು ಈಚೆಗೆ ಅಲ್ಲಲ್ಲಿ ಬೆಳೆದುಬಂದಿದೆ. ಹಸಿಮರವನ್ನು ತಂದು ಮುಂದಿಟ್ಟು, ನಾಲ್ಕು ತಿಂಗಳಲ್ಲಿ ಮುಗಿಸಿಕೊಡಿ ಎಂದರೆ ಆಚಾರ್ಯರು ಏನು ಮಾಡಬೇಕು? ಒಪ್ಪದಿದ್ದರೆ ಕೆಲಸವು ಇನ್ನೊಬ್ಬರ ಪಾಲಾಗುವುದು. ಒಪ್ಪಿದರೆ ಮೊದಲ ಬೇಸಗೆಗೇ ಕೂಡು ಬಿಡುವುದು. ಮೂರು ಕಡೆಯ ದರವನ್ನು ತರಿಸಿ, ಎಲ್ಲಕ್ಕಿಂತ ಕಡಿಮೆ ಹೇಳಿದವರಿಗೆ ಕೆಲಸವನ್ನು ಕೊಟ್ಟು, ಬಳಿಕ ಅರಗಿನ ತೇಪೆಯನ್ನು ಕಂಡು ಹಿಂದಿನವರ ನಿಷ್ಠೆ ಈಗಿನವರಲ್ಲಿ ಎಲ್ಲಿದೆ ಎಂದು ನಿಟ್ಟುಸಿರುಬಿಡುವುದು ನ್ಯಾಯವಲ್ಲ. ಆ ತೇಪೆಯಲ್ಲಿ ಮುದ್ರಣಾಲಯಕ್ಕೆ ಆಮಂತ್ರಣ ಪತ್ರವನ್ನು ಒಯ್ದವರ ಕೈಯೂ ಸೇರಿದೆ. ಬಡಗಿಯು ತಿಳಿದೂ ಮರೆಸಿದರೆ ಅವನ ತಪ್ಪು ಅಳಿಯುವುದಿಲ್ಲ. ಆದರೆ ಲೆಕ್ಕದ ಪುಸ್ತಕದಲ್ಲಿ ಆ ತಪ್ಪು ಒಬ್ಬನ ಹೆಸರಿಗೆ ಮಾತ್ರ ಬೀಳತಕ್ಕದ್ದಲ್ಲ.

ಕಲಶಕ್ಕೆ ಮುಂಚೆ ಆಲಯಪರಿಗ್ರಹದ ಹೊತ್ತಿನಲ್ಲಿ ಶಿಲ್ಪಿ ಮರ್ಯಾದೆ ನಡೆಯುತ್ತದೆ. ವಸ್ತ್ರ ದಕ್ಷಿಣೆಗಳಿಂದ ಮಾಡಿದವರನ್ನು ತೃಪ್ತಿಪಡಿಸಿ ಕಟ್ಟಡವನ್ನು ತಂತ್ರಿಗಳು ತಮ್ಮ ವಶಕ್ಕೆ ತೆಗೆದುಕೊಳ್ಳುತ್ತಾರೆ. ಬಹಳ ಅರ್ಥವುಳ್ಳ ವಿಧಿಯಿದು. ಆದರೆ ಅದರ ಬಳಿಕ ಮಾಡಿದವರನ್ನು ಯಾರೂ ಏನೂ ಕೇಳುವುದಿಲ್ಲ. ಹಿಂದಿನ ಕಾಲದಲ್ಲಿ ಕೇಳುವ ದಾರಿಯೂ ಇರಲಿಲ್ಲ. ಮಲಯಾಳ ಸೀಮೆಯಲ್ಲಿ ಆಶಾರಿಗಳೂ ದೂರ ನಿಲ್ಲಬೇಕಾದವರ ಸಾಲಿನಲ್ಲಿದ್ದರು. ತಿರುವಿದಾಂಕೂರಿನಲ್ಲಿ ೧೯೩೬ರ ಘೋಷಣೆ, ಮದರಾಸು ಪ್ರಾಂತದಲ್ಲಿ ೧೯೪೭ರ ಕಾನೂನು ಬರುವ ತನಕ ತಾನು ಕೆತ್ತಿದ ಮುಚ್ಚಿಗೆಯನ್ನು ಪ್ರತಿಷ್ಠೆಯ ಮೇಲೆ ಮತ್ತೊಮ್ಮೆ ಕತ್ತೆತ್ತಿ ನೋಡುವ ಭಾಗ್ಯವಿಲ್ಲದೆ ಹೋದವರು ಅದೆಷ್ಟು ಮಂದಿಯೋ. ಯಾವ ಗಂಟು ಎಲ್ಲಿದೆ, ಯಾವ ತೊಲೆ ಮೊದಲು ಬಾಗುವುದು ಎಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಹೊರಗೆ ನಿಂತನು. ಏನೂ ಅರಿಯದವರು ಒಳಗೆ ನಿಂತು ಕೈಮುಗಿದರು. ಇಂದು ಆ ಅಡ್ಡಿಯಿಲ್ಲ. ಆದರೂ ವರ್ಷಕ್ಕೊಮ್ಮೆ ಆಚಾರ್ಯರನ್ನು ಕರೆಸಿ ಮಾಡಿನ ಕೆಳಗೆ ಒಂದು ಸುತ್ತು ನಡೆಸಿ ಕೇಳುವ ದೇವಸ್ಥಾನಗಳು ಬೆರಳೆಣಿಕೆಯವು.

ಕೊಡಿಮರದ ವಿಷಯದಲ್ಲಿ ಮಾತ್ರ ಹಳೆಯ ತಾಳ್ಮೆಯು ಇನ್ನೂ ಉಳಿದಿದೆಯೆನ್ನಬಹುದು. ೨೦೧೭ರ ಜೂನ್ ತಿಂಗಳಲ್ಲಿ ಶಬರಿಮಲೆಯಲ್ಲಿ ಹೊಸ ಧ್ವಜಸ್ತಂಭವನ್ನು ಪ್ರತಿಷ್ಠಿಸಿದರು. ಅದಕ್ಕೆ ಮೊದಲು ಅಲ್ಲಿದ್ದ ಕಂಬದ ಹೊರಗೆ ಚಿನ್ನವಿದ್ದರೂ ಒಳಗಿದ್ದುದು ಮರವಲ್ಲ, ಕಾಂಕ್ರೀಟು. ಹೊಸದಕ್ಕಾಗಿ ಕೋನ್ನಿಯ ಕಡೆಯ ತೇಗದ ಮರವನ್ನು ತಂದು, ತಿಂಗಳುಗಟ್ಟಲೆ ಎಣ್ಣೆಯಲ್ಲಿ ಮುಳುಗಿಸಿಟ್ಟಿದ್ದರು. ಕಾಸರಗೋಡಿನ ಊರುಗಳಲ್ಲಿಯೂ ಕ್ರಮ ಇದೇ. ಸುಳಿಯಿಲ್ಲದ, ಪೊಳ್ಳಿಲ್ಲದ, ನೇರವಾದ ತೇಗವನ್ನು ಹುಡುಕಿ, ನೆಲಕ್ಕೆ ತಾಗದಂತೆ ಇಳಿಸಿ, ಜನರು ಹೆಗಲ ಮೇಲೆ ಮೆರವಣಿಗೆಯಲ್ಲಿ ತರುತ್ತಾರೆ. ಆಚಾರ್ಯರು ಅದನ್ನು ಕೆತ್ತಿ ಉರುಟು ಮಾಡಿ ಉದ್ದನೆಯ ಎಣ್ಣೆದೋಣಿಯಲ್ಲಿ ಮಲಗಿಸುತ್ತಾರೆ. ಎಳ್ಳೆಣ್ಣೆಯನ್ನು ಮನೆಮನೆಯವರು ತಂದು ಹೊಯ್ಯುತ್ತಾರೆ. ಬಡವರ ಗಿಂಡಿಯ ಎಣ್ಣೆಯೂ ಸಾಹುಕಾರರ ಡಬ್ಬಿಯ ಎಣ್ಣೆಯೂ ಅಲ್ಲಿ ಒಂದಾಗುತ್ತವೆ. ಮರವು ಕುಡಿಯುವಷ್ಟು ಕುಡಿಯುವ ತನಕ ಯಾರೂ ಅವಸರಪಡಿಸುವಂತಿಲ್ಲ. ಕಾಯುವುದನ್ನೇ ಪೂಜೆಯನ್ನಾಗಿ ಮಾಡಿದ ಪೂರ್ವಿಕರ ಜಾಣತನಕ್ಕೆ ತಲೆದೂಗಬೇಕು.

ದೋಣಿಯಿಂದ ಮೇಲೆತ್ತಿದ ಮರಕ್ಕೆ ಬುಡದಿಂದ ತುದಿಯವರೆಗೆ ತಾಮ್ರದ ಹೊದಿಕೆಯನ್ನು ತೊಡಿಸುವುದುಂಟು. ಒಮ್ಮೆ ತೊಡಿಸಿದ ಮೇಲೆ ಮರವನ್ನು ಮುಂದಿನ ಜೀರ್ಣೋದ್ಧಾರದ ತನಕ, ಅಂದರೆ ಇಂದು ಅಲ್ಲಿ ನಿಂತವರಲ್ಲಿ ಬಹುಮಂದಿಯ ಆಯುಷ್ಯ ತೀರುವ ತನಕ, ಯಾರೂ ಕಾಣುವುದಿಲ್ಲ. ಆದುದರಿಂದ ಮೊದಲ ಹೊದಿಕೆಯನ್ನು ಎತ್ತುವ ಮೊದಲು ಹಿರಿಯ ಆಚಾರ್ಯರು ಎಣ್ಣೆಯ ಜಿಡ್ಡಿನ ಮೇಲೆ ಅಂಗೈಯನ್ನಿಟ್ಟು ಬುಡದಿಂದ ತುದಿಯವರೆಗೆ ಒಂದು ಸಲ ಸವರುತ್ತ ಹೋಗುತ್ತಾರೆ. ಕಣ್ಣು ಮಂಜಾದ ಪ್ರಾಯವಾದರೆ, ಜೊತೆಗಿರುವ ಹುಡುಗನನ್ನೂ ಕರೆದು, ನೀನೂ ಒಮ್ಮೆ ನೋಡು ಮಗಾ, ಎನ್ನುತ್ತಾರೆ. ವಾದ್ಯದವರು ಕಾಯುತ್ತಿರುತ್ತಾರೆ, ಸಮಿತಿಯವರು ಗಡಿಯಾರ ನೋಡುತ್ತಿರುತ್ತಾರೆ. ಹುಡುಗನು ಮಂಡಿಯೂರಿ, ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ, ಕಿವಿಯನ್ನು ಮರಕ್ಕೆ ಹಚ್ಚುತ್ತಾನೆ.